ಇದಲ್ಕಾಂವ್ ಅರಮನೆ: ಒಂದು ಹೆಸರು, ಹಲವು ಆಡಳಿತಗಳು

ಪಣಜಿಯಲ್ಲಿ ಮಾಂಡವಿ ನದಿಗೆ ಮುಖಮಾಡಿ ನಿಂತಿರುವ ಹಂಚಿನ ಮಾಡಿನ ಹಳೆಯ ಸಚಿವಾಲಯವು ಹೊರನೋಟಕ್ಕೆ ಅಪ್ಪಟ ಪೋರ್ತುಗೀಜ್ ಕಾಲದ ಕಟ್ಟಡ. ಅದರ ಹೆಸರು ಮಾತ್ರ ಬಿಜಾಪುರದ್ದು. ‘ಆದಿಲ್ ಖಾನ್’ ಎಂಬುದು ಪೋರ್ತುಗೀಜರ ನಾಲಗೆಯಲ್ಲಿ ‘ಇದಲ್ಕಾಂವ್’ ಆಯಿತು. ತಾವು ಸೋಲಿಸಿದ ಮನೆತನದ ಹೆಸರನ್ನೇ ಅವರು ತಮ್ಮ ವೈಸ್‌ರಾಯ್‌ಗಳ ಅರಮನೆಗೆ ಉಳಿಸಿಕೊಂಡರು. ಗೋವೆಗೂ ಕನ್ನಡ ನಾಡಿಗೂ ಇರುವ ಸಂಬಂಧದ ಚರ್ಚೆಯಲ್ಲಿ ಈ ಹೆಸರನ್ನು ಸಾಕ್ಷ್ಯವಾಗಿ ಮುಂದಿಡುವುದು ಸುಲಭ. ಅದು ಯಾವುದಕ್ಕೆ ಸಾಕ್ಷ್ಯ, ಯಾವುದಕ್ಕೆ ಅಲ್ಲ ಎಂಬುದನ್ನು ಆ ಕಟ್ಟಡದ ಬಳಕೆಯ ಇತಿಹಾಸದಿಂದಲೇ ನಿರ್ಧರಿಸಬೇಕು.

1472ರಲ್ಲಿ ಬಹಮನಿ ಮಂತ್ರಿ ಮಹಮೂದ್ ಗವಾನನು ಗೋವೆಯನ್ನು ವಿಜಯನಗರದಿಂದ ಕಸಿದುಕೊಂಡನು. ಬಹಮನಿ ರಾಜ್ಯ ಒಡೆದಾಗ ಅದು ಬಿಜಾಪುರದ ಯೂಸುಫ್ ಆದಿಲ್ ಖಾನನ ಪಾಲಿಗೆ ಬಂದಿತು. ಅವನು ಸುಮಾರು 1500ರಲ್ಲಿ ಈ ಕೋಟೆಯರಮನೆಯನ್ನು ಕಟ್ಟಿಸಿದನೆಂಬುದು ರೂಢಿಯಲ್ಲಿರುವ ಅಭಿಪ್ರಾಯ. ಅಂದಿನ ಮುಖ್ಯ ಪಟ್ಟಣವು ನದಿಯ ಮೇಲ್ಭಾಗದಲ್ಲಿದ್ದ ಏಲಾ, ಅಂದರೆ ಇಂದಿನ ಹಳೆ ಗೋವಾ. ಪಣಜಿಯದು ನದೀಮುಖದ ಕಾವಲು ನೆಲೆ ಮಾತ್ರ. ಬೇಸಿಗೆಯ ಬಿಡಾರ, ಹಡಗುಗಳ ಮೇಲಿನ ಕಣ್ಗಾವಲು ಎಂಬ ಎರಡು ಕೆಲಸಗಳನ್ನೂ ಈ ಅರಮನೆ ನಿರ್ವಹಿಸುತ್ತಿತ್ತು. ಅದಕ್ಕೆ ಉಪ್ಪುನೀರಿನ ಕಂದಕವೂ 55 ಫಿರಂಗಿಗಳೂ ಇದ್ದುವೆಂದು ಹೇಳಲಾಗುತ್ತದೆ.

ಇಲ್ಲಿ ಭಾಷೆಯ ಪ್ರಶ್ನೆ ಏಳುತ್ತದೆ. ಯೂಸುಫನಿಗಿಂತ ಮೂರು ನಾಲ್ಕು ಶತಮಾನಗಳ ಮೊದಲು ಗೋವೆಯನ್ನಾಳಿದ ಕದಂಬರ ಶಾಸನಗಳಲ್ಲಿ ಸಂಸ್ಕೃತದೊಡನೆ ಕನ್ನಡವೂ ಇದೆ. ಯೂಸುಫನ ಆಸ್ಥಾನದ ಭಾಷೆಯಾದರೋ ಪಾರಸಿ. ಬಿಜಾಪುರದ ಲೆಕ್ಕಪತ್ರಗಳು ಪಾರಸಿಯನ್ನು ಬಿಟ್ಟು ದೇಶಭಾಷೆಗೆ ಹೊರಳಿದುದು ಒಂದನೆಯ ಇಬ್ರಾಹಿಂನ ಕಾಲದಲ್ಲಿ. 1534ರಲ್ಲಿ ಅವನು ಪಟ್ಟವೇರುವ ವೇಳೆಗೆ ಗೋವೆ ಕೈಬಿಟ್ಟು ಎರಡು ದಶಕಗಳಿಗೂ ಹೆಚ್ಚು ಕಾಲ ಸಂದಿತ್ತು. ಕನ್ನಡ ನಾಡಿನ ರಾಜಧಾನಿಯೊಂದರ ಅಧಿಕಾರ ಈ ಅರಮನೆಯನ್ನು ಕಟ್ಟಿತು ಎನ್ನುವುದು ನಿಜ. ಇದು ಕನ್ನಡದಲ್ಲಿ ಆಳಿದ ಅರಮನೆ ಎನ್ನಲು ಆಧಾರವಿಲ್ಲ.

ಅರಮನೆಯ ಪತನವನ್ನು ಕನ್ನಡದ ಸೋಲೆಂದು ಓದುವುದೂ ಅಷ್ಟೇ ಕಷ್ಟ. 1510ರ ಆರಂಭದಲ್ಲಿ ಗೋವೆಯ ಮೇಲೆ ದಾಳಿ ಮಾಡುವಂತೆ ಅಲ್ಬುಕರ್ಕನನ್ನು ಪ್ರೇರೇಪಿಸಿದವರಲ್ಲಿ ಹೊನ್ನಾವರದ ನಾವಿಕ ನಾಯಕ ತಿಮ್ಮೋಜ ಮುಖ್ಯನು. ಮೊದಲು ಬಿದ್ದದ್ದು ಪಣಜಿಯ ಕೋಟೆ. ಕೆಲವೇ ತಿಂಗಳಲ್ಲಿ ಬಿಜಾಪುರದ ಸೈನ್ಯ ಗೋವೆಯನ್ನು ಮರಳಿ ಪಡೆಯಿತಾದರೂ ನವೆಂಬರ್ 25ರಂದು ಅದು ಮತ್ತೆ ಪೋರ್ತುಗೀಜರ ವಶವಾಯಿತು. ಒಳನಾಡಿನ ಬಿಜಾಪುರ ಒಂದು ಕಡೆ, ಕರಾವಳಿಯ ಹೊನ್ನಾವರ ಮತ್ತೊಂದು ಕಡೆ: ಕನ್ನಡ ನಾಡು ಆ ಯುದ್ಧದ ಎರಡೂ ಪಕ್ಷಗಳಲ್ಲಿತ್ತು.

ಹೊಸ ಒಡೆಯರ ಕೈಯಲ್ಲಿ ಈ ಕೋಟೆ ತಂಗುಮನೆಯಾಯಿತು. ಲಿಸ್ಬನ್ನಿನಿಂದ ಬಂದಿಳಿದ ವೈಸ್‌ರಾಯ್ ಇಲ್ಲಿ ತಂಗಿ, ಅನಂತರ ಹಳೆ ಗೋವೆಗೆ ವಿಧ್ಯುಕ್ತವಾಗಿ ಪ್ರವೇಶಿಸುತ್ತಿದ್ದನು. ಹಿಂದಿರುಗುವವನೂ ಇಲ್ಲಿಂದಲೇ ಹಡಗೇರುತ್ತಿದ್ದನು. 1615ರಲ್ಲಿ ಕಟ್ಟಡವನ್ನು ಪುನರ್ನಿರ್ಮಿಸಲಾಯಿತು. ಮುಂದೆಯೂ ಮಾರ್ಪಾಡುಗಳಾದುದರಿಂದ ಯೂಸುಫನ ಕಾಲದ ರಚನೆಯನ್ನು ಇಂದು ಕಣ್ಣಿಂದ ಗುರುತಿಸುವುದು ಕಷ್ಟ. ರೋಗರುಜಿನಗಳಿಂದ ಹಳೆ ಗೋವಾ ಪಾಳುಬಿದ್ದಾಗ, 1759ರಲ್ಲಿ ವೈಸ್‌ರಾಯ್ ತನ್ನ ವಾಸವನ್ನು ಇಲ್ಲಿಗೆ ಬದಲಾಯಿಸಿದನು. ಎರಡೂವರೆ ಶತಮಾನ ದಾರಿಯ ತಂಗುದಾಣವಾಗಿದ್ದುದು ಆಳ್ವಿಕೆಯ ಕೇಂದ್ರವಾಯಿತು.

ಕನ್ನಡದ ದೃಷ್ಟಿಯಿಂದ ಈ ಹೊಸ ಘಟ್ಟವೇ ಹೆಚ್ಚು ಮಹತ್ವದ್ದು. ಫೋಂಡಾ ಮೊದಲಾದ ಪ್ರದೇಶಗಳು ಆಗ ಸೋದೆಯ ಅರಸರ ಅಧೀನದಲ್ಲಿದ್ದುವು. 1763–64ರಲ್ಲಿ ಹೈದರ್ ಅಲಿಯ ಸೇನೆ ಸೋದೆಯನ್ನು ಹಿಡಿದಾಗ ಅಲ್ಲಿಯ ಅರಸನು ಗೋವೆಯ ಆಶ್ರಯ ಬೇಡಿದನು. ಘಟ್ಟದ ಕೆಳಗಿನ ಅವನ ನೆಲ ಪೋರ್ತುಗೀಜರ ಪಾಲಾಯಿತು. ಅರಸುಮನೆತನ ಫೋಂಡಾದ ಬಳಿಯ ಬಾಂದಿವಡೆಯಲ್ಲಿ ನೆಲೆಸಿತು. ಬಿಜಾಪುರದ ಹೆಸರು ಹೊತ್ತ ಅರಮನೆಯಲ್ಲಿದ್ದ ಆಡಳಿತಕ್ಕೆ ಕನ್ನಡ ನಾಡಿನ ಅರಸನೊಬ್ಬನು ಆಶ್ರಿತನಾದನು. ಅರಮನೆಯ ಹೆಸರಿಗಿಂತ ಈ ಸಂಬಂಧವೇ ಗಟ್ಟಿಯಾದ ಐತಿಹಾಸಿಕ ಕೊಂಡಿ. ಆದರೆ ಚರ್ಚೆಗೆ ಬರುವುದು ಹೆಸರೇ.

1843ರಲ್ಲಿ ಪಣಜಿಗೆ ‘ನೋವಾ ಗೋವಾ’ ಎಂಬ ರಾಜಧಾನಿಯ ಪದವಿ ದೊರೆಯಿತು. 1918ರಲ್ಲಿ ಗವರ್ನರನ ವಾಸ ಕಾಬೊ ಭೂಶಿರದ ಅರಮನೆಗೆ ಹೋಯಿತು. ಇಲ್ಲಿ ಕಚೇರಿಗಳು ಉಳಿದುವು. 1961ರ ಡಿಸೆಂಬರಿನ ವಿಮೋಚನೆಯ ಬಳಿಕ ಬಾಗಿಲ ಮೇಲಿನ ಪೋರ್ತುಗೀಜ್ ಲಾಂಛನದ ಜಾಗಕ್ಕೆ ಅಶೋಕಚಕ್ರ ಬಂದಿತು. 1964ರ ಜನವರಿಯಲ್ಲಿ ಚುನಾಯಿತ ವಿಧಾನಸಭೆ ಇಲ್ಲಿ ಸೇರಿತು. 2000ದಲ್ಲಿ ವಿಧಾನಸಭೆ ಪೊರ್ವೊರಿಮ್‌ಗೆ ಸ್ಥಳಾಂತರಗೊಂಡಿತು. ಇತ್ತೀಚಿನ ವರ್ಷಗಳಲ್ಲಿ ಈ ಕಟ್ಟಡ ಕಲಾಪ್ರದರ್ಶನಗಳಿಗೆ ಬಳಕೆಯಾಗಿದೆ.

ಈ ಶಾಸಕಾಂಗದ ದಶಕಗಳಲ್ಲಿ ಭಾಷೆಯ ಚರಿತ್ರೆಗೆ ಮುಖ್ಯವಾದ ದಿನ 1987ರ ಫೆಬ್ರವರಿ 4. ಅಂದು ಅಂಗೀಕಾರಗೊಂಡ ಅಧಿಕೃತ ಭಾಷಾ ಕಾಯಿದೆಯು ದೇವನಾಗರಿ ಲಿಪಿಯ ಕೊಂಕಣಿಗೆ ಅಧಿಕೃತ ಸ್ಥಾನ ಕೊಟ್ಟು, ಮರಾಠಿಯ ಬಳಕೆಗೂ ಅವಕಾಶ ಕಲ್ಪಿಸಿತು. ಪಾರಸಿ, ಪೋರ್ತುಗೀಜ್ ಭಾಷೆಗಳನ್ನು ಕಂಡ ಅರಮನೆಯಲ್ಲಿ ನಾಡಿನ ಜನಭಾಷೆಗೆ ಕಾನೂನಿನ ಸ್ಥಾನ ಸಿಕ್ಕಿದ್ದು ಆಗ. ಕಾಯಿದೆಯಲ್ಲಿ ಕನ್ನಡದ ಹೆಸರಿಲ್ಲ.

ಇಂದು ಗೋವೆಯಲ್ಲಿರುವ ಕನ್ನಡಿಗರಲ್ಲಿ ಬಹಳಷ್ಟು ಮಂದಿ ವಿಮೋಚನೆಯ ಅನಂತರ ಉತ್ತರ ಕರ್ನಾಟಕದಿಂದ ದುಡಿಮೆ ಅರಸಿ ಬಂದವರು. ಹಲವರು ಯೂಸುಫನ ಬಿಜಾಪುರದ ಸೀಮೆಯವರೇ. ಅವರ ಮಕ್ಕಳಿಗೆ ಕನ್ನಡದಲ್ಲಿ ಪ್ರಾಥಮಿಕ ಶಿಕ್ಷಣ ಕೇಳಲು ಆಧಾರ ಸಂವಿಧಾನದ 350ಎ ವಿಧಿ; ಆದಿಲ್ ಶಾಹಿಯ ನೆನಪಲ್ಲ. ಹಕ್ಕಿಗೆ ಅರಮನೆಯನ್ನು ಆಧಾರವಾಗಿಸಿದರೆ, ಅಲ್ಲಿ ಆಳಿದ ಪ್ರತಿಯೊಂದು ಅಧಿಕಾರವೂ ತನ್ನ ಪಾಲು ಕೇಳಬಹುದು. ‘ಇದಲ್ಕಾಂವ್’ ಎಂಬ ಹೆಸರು ಘಟ್ಟದ ಮೇಲಿನ ನಾಡಿಗೂ ಮಾಂಡವಿಯ ದಂಡೆಗೂ ಇದ್ದ ಹಳೆಯ ರಾಜಕೀಯ ಹಾದಿಯನ್ನು ದಾಖಲಿಸುತ್ತದೆ. ಆ ಹಾದಿಯಲ್ಲಿ ಇಂದು ಬರುತ್ತಿರುವವರು ದುಡಿಯುವ ಜನ. ಅವರ ಇತಿಹಾಸವನ್ನು ಅವರ ಬಿಡಾರ, ಶಾಲೆ, ಸಂತೆಗಳಲ್ಲಿ ಹುಡುಕಬೇಕು.