ಗುಳಿಗೆ ಕಟ್ಟಿದ ಕಂಕನಾಡಿ

ಮಂಗಳೂರಿನ ಸ್ಟೇಟ್‌ಬ್ಯಾಂಕ್ ನಿಲ್ದಾಣದಿಂದ ಹೊರಟ ಸಿಟಿ ಬಸ್ಸು ಹಂಪನಕಟ್ಟೆ ದಾಟಿ ಕಂಕನಾಡಿಗೆ ಬಂದಾಗ ಕಂಡಕ್ಟರ್ "ಮುಲ್ಲರ್, ಮುಲ್ಲರ್" ಎಂದು ಕೂಗುತ್ತಾನೆ. ಅರ್ಧ ಬಸ್ಸು ಅಲ್ಲೇ ಖಾಲಿ. ಇಳಿದವರ ಕೈಯಲ್ಲಿ ಎಕ್ಸ್‌ರೇಯ ದೊಡ್ಡ ಲಕೋಟೆ, ಗಂಜಿ ತುಂಬಿದ ಫ್ಲಾಸ್ಕು, ಮಡಚಿದ ಚಾಪೆ. ಬಂಟ್ವಾಳದವರು, ಪುತ್ತೂರಿನವರು, ಕಾಸರಗೋಡಿನವರು, ಘಟ್ಟದ ಮೇಲಿನಿಂದ ರಾತ್ರಿ ಬಸ್ಸಿನಲ್ಲಿ ಇಳಿದು ಬಂದವರು. ತುಳು, ಕೊಂಕಣಿ, ಬ್ಯಾರಿ, ಮಲಯಾಳ, ಕನ್ನಡ ಎಲ್ಲವೂ ಗೇಟಿನ ಹತ್ತಿರ ಒಟ್ಟಿಗೇ ಕಿವಿಗೆ ಬೀಳುತ್ತವೆ. ಇವರಲ್ಲಿ ಹೆಚ್ಚಿನವರಿಗೆ ಮುಲ್ಲರ್ ಎಂದರೆ ಒಂದು ಸ್ಟಾಪಿನ ಹೆಸರು, ಒಂದು ಆಸ್ಪತ್ರೆಯ ಹೆಸರು. ಅದು ಗಡ್ಡದ ಒಬ್ಬ ಜರ್ಮನ್ ಪಾದ್ರಿಯ ಹೆಸರು ಎಂದು ನೆನಪಿಸಿಕೊಳ್ಳಲು ರೋಗಿಯ ಜೊತೆ ಬಂದವರಿಗೆ ಪುರುಸೊತ್ತಾದರೂ ಎಲ್ಲಿ?

ನನಗೆ ಆ ಹೆಸರು ಮೊದಲು ಗೊತ್ತಾದದ್ದು ಅಜ್ಜಿಯ ಮರದ ಪೆಟ್ಟಿಗೆಯಿಂದ. ಒಳಗೆ ಕಿರುಬೆರಳಿನಷ್ಟು ದಪ್ಪದ ಗಾಜಿನ ಶೀಶೆಗಳು, ಒಂದೊಂದಕ್ಕೂ ಬಿರಡೆ, ಬಿರಡೆಯ ಮೇಲೆ ಒಂದು ನಂಬರು. ಶೀತವಾದರೆ ಒಂದು ಶೀಶೆ, ಹೊಟ್ಟೆನೋವಾದರೆ ಇನ್ನೊಂದು. "ಬಾಯಿ ಬಿಡು ಮಗಾ, ಮುಲ್ಲರನ ಗುಳಿಗೆ" ಎನ್ನುತ್ತಿದ್ದರು. ಸಾಸಿವೆಗಿಂತ ತುಸು ದೊಡ್ಡ ಬಿಳಿಯ ಸಿಹಿ ಗುಳಿಗೆ ನಾಲಿಗೆಯ ಮೇಲೆ ಕರಗುತ್ತಿತ್ತು. ಕುಷ್ಠರೋಗಿಗಳ ಆಸರೆಮನೆಯಿಂದ ಹಿಡಿದು ಪ್ಲೇಗಿನ ಆಸ್ಪತ್ರೆಯವರೆಗೆ ಕಂಕನಾಡಿಯ ದೊಡ್ಡ ದೊಡ್ಡ ಕಟ್ಟಡಗಳ ಬೇರು ಆ ಗುಳಿಗೆಯಲ್ಲಿದೆ ಎಂದು ಆಗ ಯಾರಾದರೂ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ.

ಆಗಸ್ಟಸ್ ಮುಲ್ಲರ್ ಹುಟ್ಟಿದ್ದು 1841ರಲ್ಲಿ, ಜರ್ಮನಿಯ ವೆಸ್ಟ್‌ಫಾಲಿಯಾದಲ್ಲಿ. ಯೇಸುಸಭೆಯ ಪಾದ್ರಿಗಳ ಮೊದಲ ತಂಡ 1878ರ ಡಿಸೆಂಬರ್ 31ರಂದು ಮಂಗಳೂರಿಗೆ ಬಂದು ಇಳಿದಾಗ ಅದರಲ್ಲಿ ಅವರೂ ಇದ್ದರು. ತಂಡದವರು ಹೆಚ್ಚಾಗಿ ಇಟಲಿಯವರು, ವೆನಿಸ್ ಪ್ರಾಂತ್ಯಕ್ಕೆ ಸೇರಿದವರು. ಮುಲ್ಲರ್ ಅವರ ನಡುವಿನ ಜರ್ಮನ್. ಮಂಗಳೂರಿನ ಕಥೋಲಿಕರು ತಮ್ಮ ಮಕ್ಕಳ ಇಂಗ್ಲಿಷ್ ಶಿಕ್ಷಣಕ್ಕೆ ಒಂದು ಒಳ್ಳೆಯ ಕಾಲೇಜು ಬೇಕೆಂದು ರೋಮಿಗೆ ಮನವಿಯ ಮೇಲೆ ಮನವಿ ಬರೆದಿದ್ದರು. ಅದಕ್ಕಾಗಿಯೇ ಈ ಪಾದ್ರಿಗಳನ್ನು ಕರೆಸಿದ್ದು. 1880ರ ಜನವರಿಯಲ್ಲಿ ಸಂತ ಅಲೋಶಿಯಸ್ ಕಾಲೇಜು ಕೊಡಿಯಾಲಬೈಲಿನಲ್ಲಿ ಶುರುವಾಯಿತು. ಮುಲ್ಲರ್ ಪಾಠ ಹೇಳಲು ಬಂದವರು. ಔಷಧ ಕೊಡುವುದು ಅವರ ಕೆಲಸವಾಗಿರಲಿಲ್ಲ.

ಆದರೆ ಹೋಮಿಯೋಪಥಿಯ ಅಭ್ಯಾಸ ಅವರಿಗೆ ಮೊದಲೇ ಇತ್ತು, ಜೊತೆಗೆ ಒಂದು ಔಷಧದ ಪೆಟ್ಟಿಗೆಯೂ ಇತ್ತು. ಪಾಠ ಮುಗಿದ ಮೇಲೆ ಕಾಯಿಲೆಯವರನ್ನು ನೋಡತೊಡಗಿದರು. ಕಂಕನಾಡಿಯಲ್ಲಿ ಒಂದು ಆಲದ ಮರದಡಿ ಕುಳಿತು ಗುಳಿಗೆ ಹಂಚುತ್ತಿದ್ದರು ಎಂದು ಸಂಸ್ಥೆಯವರು ಇವತ್ತಿಗೂ ಹೇಳುತ್ತಾರೆ. 1880ನ್ನೇ ತಮ್ಮ ಹುಟ್ಟಿನ ವರ್ಷವೆಂದು ಎಣಿಸುತ್ತಾರೆ. 'ಹೋಮಿಯೋಪಥಿಕ್ ಪೂವರ್ ಡಿಸ್ಪೆನ್ಸರಿ' ಎಂದು ಆ ಜಾಗಕ್ಕೆ ಹೆಸರು ಬಿತ್ತು. ಬಡವರ ಔಷಧಾಲಯ. ಹೆಸರಿನಲ್ಲೇ ಬಡವರನ್ನು ಇಟ್ಟುಕೊಂಡದ್ದು ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ.

ಆ ಕಾಲದ ಮಂಗಳೂರನ್ನು ಒಮ್ಮೆ ಕಣ್ಣ ಮುಂದೆ ತಂದುಕೊಳ್ಳಬೇಕು. ಮದ್ರಾಸ್ ಪ್ರಾಂತ್ಯದ ಒಂದು ತುದಿ. ರೈಲು ಬಂದದ್ದು 1907ರಲ್ಲಿ, ಎಂದರೆ ಇನ್ನೂ ಇಪ್ಪತ್ತೇಳು ವರ್ಷ ದೂರ. ಮಳೆಗಾಲದಲ್ಲಿ ಕಡಲು ಕೆರಳಿದರೆ ಬಂದರಿಗೆ ಹಡಗು ಬರುವಂತಿರಲಿಲ್ಲ. ಸರಕಾರಿ ಆಸ್ಪತ್ರೆ ಹಂಪನಕಟ್ಟೆಯ ಬಳಿ ಇತ್ತು, ನಿಜ. ಆದರೆ ದೂರದ ಬೈಲಿನಲ್ಲಿ ಮಳೆಗೆ ಮೈಯೊಡ್ಡಿ ನೇಜಿ ನೆಡುವ ಹೆಂಗಸಿಗೆ ಜ್ವರ ಬಂದರೆ ಅವಳ ಪಾಲಿಗೆ ಇದ್ದದ್ದು ಊರಿನ ನಾರುಬೇರು, ಇಲ್ಲವೆ ದೈವಕ್ಕೆ ಹರಕೆ.

ಊರಿಗೆ ಕ್ರೈಸ್ತ ಸೇವೆ ಹೊಸತೂ ಆಗಿರಲಿಲ್ಲ. ಮುಲ್ಲರ್ ಬರುವುದಕ್ಕೆ 44 ವರ್ಷ ಮೊದಲೇ, 1834ರಲ್ಲಿ, ಬಾಸೆಲ್ ಮಿಷನ್ನಿನವರು ಇಲ್ಲಿ ನೆಲೆಯೂರಿದ್ದರು. ಅವರು ಪ್ರೊಟೆಸ್ಟಂಟರು, ಇವರು ಕಥೋಲಿಕರು. ನಡುವೆ ಪ್ರೀತಿ ಅಷ್ಟಕ್ಕಷ್ಟೆ. ಆದರೂ ಬಾಸೆಲಿನವರು ಒಂದು ಪಾಠವನ್ನು ಊರಿಗೆ ಆಗಲೇ ತೋರಿಸಿಕೊಟ್ಟಿದ್ದರು. ಮತಾಂತರವಾದವನಿಗೆ ಮನೆ ತಪ್ಪುತ್ತಿತ್ತು, ಕುಲದ ಕಸುಬು ತಪ್ಪುತ್ತಿತ್ತು. ಅವನಿಗೆ ದಿನವೂ ಅನ್ನ ಹಾಕುತ್ತ ಕುಳಿತರೆ ಮಿಷನ್ನೂ ಉಳಿಯದು, ಅವನ ಮಾನವೂ ಉಳಿಯದು. ಹಾಗಾಗಿ 1841ರಲ್ಲಿ ಬಲ್ಮಠದಲ್ಲಿ ಮುದ್ರಣಾಲಯ ಬಂತು. 1851ರಲ್ಲಿ ಜಾನ್ ಹ್ಯಾಲರ್ ಎಂಬ ನೇಕಾರ ಬಂದು ಮಗ್ಗ ಹೂಡಿದ. ಖಾಕಿ ಬಣ್ಣ ಹುಟ್ಟಿದ್ದು ಅವನ ಬಣ್ಣದ ಕಡಾಯಿಯಲ್ಲಿ ಎಂದು ಮಂಗಳೂರಿಗರು ಈಗಲೂ ಹೆಮ್ಮೆಯಿಂದ ಹೇಳುತ್ತಾರೆ. 1865ರಲ್ಲಿ ಜಾರ್ಜ್ ಪ್ಲೆಬ್‌ಸ್ಟ್ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರುಮಾಡಿದ. ನೇತ್ರಾವತಿಯ ಜೇಡಿ ಮಣ್ಣು ಮಂಗಳೂರು ಹಂಚಾಗಿ ದೇಶವಿಡೀ ಮಾಡುಗಳ ಮೇಲೆ ಕುಳಿತಿತು. ದಯೆಯ ಬೆನ್ನಿಗೆ ಒಂದು ದುಡಿಮೆ ಇರಬೇಕು ಎಂಬುದು ಈ ಊರಿನ ಗಾಳಿಯಲ್ಲೇ ಇತ್ತು.

ಮುಲ್ಲರರ ದುಡಿಮೆ ಹಂಚಿನಷ್ಟು ಭಾರದ್ದಾಗಿರಲಿಲ್ಲ. ಗುಳಿಗೆಯ ಇಡೀ ಗುಟ್ಟೇ ಅದರ ಹಗುರ. ಸಕ್ಕರೆಯ ಸಣ್ಣ ಕಾಳುಗಳ ಮೇಲೆ ಔಷಧದ ದ್ರವ ಹನಿಸಿ, ಒಣಗಿಸಿ, ಶೀಶೆಗೆ ತುಂಬಿ ಬಿರಡೆ ಜಡಿದರೆ ಮುಗಿಯಿತು. ಬೇಗ ಕೆಡುವುದಿಲ್ಲ, ಸೋರುವುದಿಲ್ಲ, ಒಂದು ಅಂಗೈಯಲ್ಲಿ ಹತ್ತು ಮನೆಗಾಗುವಷ್ಟು ಹಿಡಿಯುತ್ತದೆ. ಜೊತೆಗೆ ಯಾವ ಲಕ್ಷಣಕ್ಕೆ ಯಾವ ಗುಳಿಗೆ ಎಂದು ಹೇಳುವ ಸಣ್ಣ ಪುಸ್ತಕವೊಂದಿದ್ದರೆ ವೈದ್ಯರಿಲ್ಲದ ಊರಿನಲ್ಲಿ ಮೇಷ್ಟರೋ ಪೋಸ್ಟ್ ಮಾಸ್ಟರರೋ ಮನೆಯ ಹಿರಿಯಳೋ ಕೊಡಬಹುದು. ಅಂಚೆಯವನು ಪಾರ್ಸೆಲ್ ಕೊಟ್ಟು ದುಡ್ಡು ಎಣಿಸಿಕೊಂಡು ಕಳುಹಿಸಿದವರಿಗೆ ತಲುಪಿಸುವ ವಿ.ಪಿ. ಪದ್ಧತಿ ಭಾರತದಲ್ಲಿ 1877ರಲ್ಲಿ ಆರಂಭವಾಗಿತ್ತು. ಇಂಥ ಸರಕಿಗೆಂದೇ ಹೇಳಿ ಮಾಡಿಸಿದಂಥ ಪದ್ಧತಿ ಅದು. ಕಂಕನಾಡಿಯಿಂದ ಔಷಧದ ಪೆಟ್ಟಿಗೆಗಳು ಅಂಚೆಯಲ್ಲಿ ದೂರದೂರದ ಪ್ರಾಂತ್ಯಗಳಿಗೆ ಹೊರಟವು. ಅಲ್ಲಿಂದ ಬಂದ ದುಡ್ಡು ಕಂಕನಾಡಿಯ ಬಡ ರೋಗಿಯ ಗಂಜಿಯಾಯಿತು, ಗಾಯಕ್ಕೆ ಕಟ್ಟುವ ಬಟ್ಟೆಯಾಯಿತು, ಗೋಡೆಯ ಮುರಕಲ್ಲಾಯಿತು.

ಈ ಲೆಕ್ಕಾಚಾರವನ್ನು ನಾನು ಎಷ್ಟು ಸಲ ಯೋಚಿಸಿದರೂ ಬೆರಗು ಕಡಿಮೆಯಾಗುವುದಿಲ್ಲ. ಎಲ್ಲೋ ಒಂದು ಕಂಟೋನ್ಮೆಂಟಿನ ಗುಮಾಸ್ತ ತನ್ನ ಮಗುವಿನ ಕೆಮ್ಮಿಗೆಂದು ಪೆಟ್ಟಿಗೆ ತರಿಸಿಕೊಂಡು ಬೆಲೆ ಕೊಟ್ಟಿರುತ್ತಾನೆ. ಅವನಿಗೆ ಧರ್ಮ ಮಾಡಿದ ಅರಿವೂ ಇಲ್ಲ. ಇತ್ತ ಅವನ ನಾಲ್ಕಾಣೆಯಿಂದ ಗುಣ ಕಂಡ ರೋಗಿಗೆ ದಾನ ತೆಗೆದುಕೊಂಡ ಕುಗ್ಗೂ ಇಲ್ಲ. ಇಬ್ಬರ ನಡುವೆ ಕುಳಿತವರು ಒಬ್ಬ ಪಾದ್ರಿ, ಒಂದು ಲೆಡ್ಜರು.

ಹೋಮಿಯೋಪಥಿಗೆ ನಿಜಕ್ಕೂ ಗುಣವಿದೆಯೇ ಎಂಬ ಪ್ರಶ್ನೆಯನ್ನು ನಾನು ತಪ್ಪಿಸಿಕೊಳ್ಳುವುದಿಲ್ಲ. ಅಷ್ಟು ತೆಳುಮಾಡಿದ ಮದ್ದಿನಲ್ಲಿ ಮದ್ದೇ ಉಳಿದಿರದು ಎಂದು ವಿಜ್ಞಾನ ಹೇಳುತ್ತದೆ. ಆ ಮಾತನ್ನು ನಾನು ಒಪ್ಪುತ್ತೇನೆ. ಆದರೆ 1880ರಲ್ಲಿ ಸೋಂಕುರೋಗಗಳಿಗೆ ಬೇರೆ ಪದ್ಧತಿಯ ವೈದ್ಯರ ಕೈಯಲ್ಲಿಯೂ ನೆಚ್ಚಬಹುದಾದ ಮದ್ದುಗಳು ಬೆರಳೆಣಿಕೆಯಷ್ಟೇ ಇದ್ದವು. ಆಂಟಿಬಯಾಟಿಕ್ ಎಂಬ ಮಾತೇ ಹುಟ್ಟಿರಲಿಲ್ಲ. ಮೈಮುಟ್ಟಿ ನೋಡಿ, ಹೆಸರು ಕೇಳಿ, ನಾಳೆ ಮತ್ತೆ ಬಾ ಎಂದು ಹೇಳುವವರೊಬ್ಬರು ದಿನವೂ ಅದೇ ಜಾಗದಲ್ಲಿ ಸಿಗುತ್ತಿದ್ದದ್ದು ಚಿಕ್ಕ ಸಂಗತಿಯೇ? ಮುಂದೆ ಕಂಕನಾಡಿ ಅಲೋಪಥಿಯ ದೊಡ್ಡ ಆಸ್ಪತ್ರೆಯಾಗಿ ಬೆಳೆದದ್ದನ್ನು ನೋಡಿದರೆ, ಮುಲ್ಲರರ ನಂತರದವರು ಗುಳಿಗೆಗಿಂತ ರೋಗಿಗೆ ಹೆಚ್ಚು ನಿಷ್ಠರಾಗಿದ್ದರು ಎನ್ನಬೇಕು.

ಮುಲ್ಲರರ ನಿಜವಾದ ಪರೀಕ್ಷೆ ಕುಷ್ಠದ್ದು. 'ದೊಡ್ಡ ರೋಗ' ಎಂದು ನಮ್ಮ ಹಳ್ಳಿಗಳಲ್ಲಿ ದನಿ ತಗ್ಗಿಸಿ ಹೇಳುತ್ತಿದ್ದರು, ಹೆಸರನ್ನೇ ಎತ್ತುತ್ತಿರಲಿಲ್ಲ. ಆ ರೋಗದ ಕ್ರೌರ್ಯ ಇರುವುದು ನೋವಿನಲ್ಲಿ ಅಲ್ಲ, ನೋವಿಲ್ಲದಿರುವುದರಲ್ಲಿ. ನರಗಳು ಸಾಯುತ್ತವೆ. ಒಲೆಯ ಮೇಲಿನ ಪಾತ್ರೆ ಬರಿಗೈಯಲ್ಲಿ ಹಿಡಿದರೂ ಸುಟ್ಟದ್ದು ತಿಳಿಯುವುದಿಲ್ಲ, ಮುಳ್ಳು ಹೊಕ್ಕರೆ ಗೊತ್ತಾಗುವುದಿಲ್ಲ. ಗಾಯ ಕೀವಾಗುತ್ತದೆ, ಬೆರಳು ಹೋಗುತ್ತದೆ. ಅದಕ್ಕೆ ಕಾರಣ ಒಂದು ಬ್ಯಾಕ್ಟೀರಿಯಾ ಎಂದು ನಾರ್ವೆಯ ಹ್ಯಾನ್ಸನ್ 1873ರಲ್ಲೇ ಕಂಡುಕೊಂಡಿದ್ದರೂ ಜನರ ಪಾಲಿಗೆ ಅದು ಪೂರ್ವಜನ್ಮದ ಪಾಪ, ಇಲ್ಲವೆ ಶಾಪ. ಮನೆಯಿಂದ ಹೊರಬಿದ್ದವರು ಜಾತ್ರೆಯ ದಾರಿಯಲ್ಲಿ, ದೇವಸ್ಥಾನದ ಹೊರಗೆ, ಇಗರ್ಜಿಯ ಮೆಟ್ಟಿಲಲ್ಲಿ ಕುಳಿತಿರುತ್ತಿದ್ದರು.

ಹವಾಯಿಯ ಮೊಲೊಕಾಯಿ ದ್ವೀಪದಲ್ಲಿ ಕುಷ್ಠರೋಗಿಗಳ ಜೊತೆ ಬದುಕಿದ ಡೇಮಿಯನ್ ಪಾದ್ರಿ ಅದೇ ರೋಗದಿಂದ ತೀರಿಕೊಂಡದ್ದು 1889ರಲ್ಲಿ. ಮುಲ್ಲರ್ ಕಂಕನಾಡಿಯಲ್ಲಿ ಸಂತ ಜೋಸೆಫರ ಹೆಸರಿನ ಕುಷ್ಠರೋಗಿಗಳ ಆಸರೆಮನೆ ತೆರೆದದ್ದು ಮರುವರ್ಷ, 1890ರಲ್ಲಿ. ಒಂದು ಇನ್ನೊಂದಕ್ಕೆ ಪ್ರೇರಣೆ ಎಂದು ನಾನು ಹೇಳುತ್ತಿಲ್ಲ, ಕಾಲ ಮಾತ್ರ ಒಂದೇ. ಖಚಿತವಾಗಿ ಗುಣಪಡಿಸುವ ಮದ್ದು ಯಾರ ಬಳಿಯೂ ಇರಲಿಲ್ಲ. ವೈದ್ಯರು ನೆಚ್ಚಿದ್ದು ನಮ್ಮ ಘಟ್ಟದ ಕಾಡಿನಲ್ಲೂ ಸಿಗುವ ಗರುಡಫಲದಂಥ ಬೀಜಗಳ ಎಣ್ಣೆಯನ್ನು. ಡ್ಯಾಪ್ಸೋನ್ ಬರಲು 1940ರ ದಶಕದವರೆಗೆ ಕಾಯಬೇಕಾಯಿತು. ಎಂದರೆ ಸುಮಾರು ಐವತ್ತು ವರ್ಷ ಅಲ್ಲಿ ನಡೆದದ್ದು ಗಾಯ ತೊಳೆಯುವುದು, ಬಟ್ಟೆ ಕಟ್ಟುವುದು, ಊಟ ಹಾಕುವುದು, ಸತ್ತರೆ ಮಣ್ಣು ಮಾಡುವುದು. ವಾಸಿಯಾಗದ ರೋಗಿಯನ್ನು ಐವತ್ತು ವರ್ಷ ತೊಳೆಯುವ ಕೈಗಳ ಹೆಸರು ಯಾವ ಫಲಕದಲ್ಲೂ ಇರುವುದಿಲ್ಲ. ಕಂಕನಾಡಿಯಲ್ಲಿ ನನ್ನನ್ನು ಹೆಚ್ಚು ಮಣಿಸುವುದು ಆ ಹೆಸರಿಲ್ಲದ ಕೈಗಳು.

1902ರಲ್ಲಿ ಪ್ಲೇಗು ಬಂತು. ಮುಂಬಯಿಯಲ್ಲಿ 1896ರಲ್ಲಿ ಕಾಣಿಸಿಕೊಂಡ ಮಾರಿ ಮಂಗಳೂರಿಗೂ ಇಳಿದಾಗ, ಮನೆಯಲ್ಲಿ ಇಲಿ ಸತ್ತರೆ ಮನುಷ್ಯರು ಊರು ಬಿಡುವ ಕಾಲ. ಮುಲ್ಲರರಿಗೆ ಆಗ 61 ದಾಟಿತ್ತು. ಪ್ಲೇಗಿನವರಿಗೆಂದೇ ಬೇರೆ ಆಸ್ಪತ್ರೆ ತೆರೆದರು. ಸರಕಾರ ಅವರಿಗೆ ಕೈಸರ್-ಇ-ಹಿಂದ್ ಪದಕ ಕೊಟ್ಟಿತು.

ಇದೇ ಹೊತ್ತಿಗೆ ಪಕ್ಕದ ಜೆಪ್ಪುವಿನಲ್ಲಿ ಇನ್ನೊಂದು ಕೆಲಸ ನಡೆದಿತ್ತು. ಅಲ್ಲಿನ ಸಂತ ಜೋಸೆಫರ ಆಶ್ರಮ ಅನಾಥ ಮಕ್ಕಳಿಗೂ ದಿಕ್ಕಿಲ್ಲದ ಮುದುಕರಿಗೂ ಮನೆ. ಅದರ ಬಗಲಲ್ಲೇ ಕೈಗಾರಿಕಾ ಶಾಲೆ. ಹುಡುಗರು ಮರಗೆಲಸ, ಎರಕದ ಕೆಲಸ, ಇಗರ್ಜಿಗಳಿಗೆ ಬೇಕಾದ ಪೀಠ ಪ್ರತಿಮೆ ಮಾಡುವುದು ಎಲ್ಲವನ್ನೂ ಕಲಿತರು. ಕರಾವಳಿಯ ಹಳೆಯ ಇಗರ್ಜಿಗಳಿಗೆ ಹೋದಾಗ ಮರದ ಸಂತರನ್ನು ಹತ್ತಿರದಿಂದ ನೋಡುವುದು ನನ್ನ ಅಭ್ಯಾಸ. ಜೆಪ್ಪುವಿನ ಒಬ್ಬ ಅನಾಥ ಹುಡುಗ ಉಳಿ ಹಿಡಿದು ಕಲಿತದ್ದು ಇಂಥ ಮುಖಗಳ ಮೇಲೆಯೇ ಅಲ್ಲವೇ ಎಂದು ಪ್ರತಿ ಸಲವೂ ಅನ್ನಿಸುತ್ತದೆ.

ಮುಲ್ಲರ್ ತೀರಿಕೊಂಡದ್ದು 1910ರಲ್ಲಿ. ಅವರು ಕಾಣದೆ ಹೋದ ಒಂದು ತಿರುವು ನಾಲ್ಕು ವರ್ಷಕ್ಕೆ ಬಂತು. ಮೊದಲ ಮಹಾಯುದ್ಧ ಶುರುವಾಗಿ ಜರ್ಮನರೆಲ್ಲ ಬ್ರಿಟಿಷರಿಗೆ ಶತ್ರುಗಳಾದರು. ಬಾಸೆಲ್ ಮಿಷನ್ನಿನ ಜರ್ಮನ್ ಪಾದ್ರಿಗಳನ್ನು ಬಂಧನದಲ್ಲಿಟ್ಟು, ಆಮೇಲೆ ದೇಶದಿಂದಲೇ ಕಳುಹಿಸಿದರು. ಅವರ ಹಂಚು, ಮಗ್ಗ, ವ್ಯಾಪಾರವೆಲ್ಲ ಕೈತಪ್ಪಿ ಕಾಮನ್‌ವೆಲ್ತ್ ಟ್ರಸ್ಟಿನ ಪಾಲಾಯಿತು. ಕಂಕನಾಡಿಗೆ ಆ ಗತಿ ಬರಲಿಲ್ಲ. ಮಿಷನ್ ಇಟಲಿಯವರ ಕೈಯಲ್ಲಿತ್ತು, ಇಟಲಿ 1915ರಿಂದ ಬ್ರಿಟಿಷರ ಪಕ್ಷದಲ್ಲಿತ್ತು. ಇಬ್ಬರೂ ಮಾಡಿದ್ದು ಊರಿಗೆ ಬೇಕಾದ ಕೆಲಸವೇ. ಉಳಿವು ಅಳಿವು ನಿಂತದ್ದು ದೂರದ ರಾಜಧಾನಿಗಳ ಜಗಳದ ಮೇಲೆ.

ಆನಂತರದ ಕಥೆ ಬೆಳವಣಿಗೆಯದು, ಬೇಗ ಹೇಳಿ ಮುಗಿಸಬಹುದು. ಆಡಳಿತ ಮಂಗಳೂರು ಧರ್ಮಪ್ರಾಂತ್ಯಕ್ಕೆ ಬಂತು. ದಾದಿಯರ ತರಬೇತಿ ಶಾಲೆ ಬಂತು. 1985ರಲ್ಲಿ ಹೋಮಿಯೋಪಥಿ ಕಾಲೇಜು, 1999ರಲ್ಲಿ ವೈದ್ಯಕೀಯ ಕಾಲೇಜು. ಇವತ್ತು ಸಾವಿರಕ್ಕೂ ಹೆಚ್ಚು ಹಾಸಿಗೆಗಳ ಆಸ್ಪತ್ರೆ ಅದು. ಹೋಮಿಯೋಪಥಿ ಔಷಧದ ತಯಾರಿಕೆಯೂ ನಿಂತಿಲ್ಲ, ದೇರಳಕಟ್ಟೆಯಲ್ಲಿ ನಡೆಯುತ್ತಿದೆ.

ಕಟ್ಟಡ ಎತ್ತರವಾದಷ್ಟೂ ಮುಲ್ಲರರ ಲೆಡ್ಜರು ನನಗೆ ಹೆಚ್ಚು ನೆನಪಾಗುತ್ತದೆ. ವೈದ್ಯ ಶಿಕ್ಷಣ ದುಬಾರಿಯಾದ ಈ ಕಾಲದಲ್ಲಿ, ಧರ್ಮದ ಹೆಸರು ಹೊತ್ತ ಪ್ರತಿಯೊಂದು ಆಸ್ಪತ್ರೆಗೂ ಕೇಳಬೇಕಾದ ಪ್ರಶ್ನೆ ಅದೇ: ಕೊಡಬಲ್ಲವನಿಂದ ಬಂದದ್ದು ಕೊಡಲಾಗದವನ ಹಾಸಿಗೆಯವರೆಗೆ ತಲುಪುತ್ತಿದೆಯೇ? ಇದನ್ನು ಬಿಲ್ ಕೌಂಟರಿನ ಮುಂದೆ ಸೆರಗಿನ ಗಂಟು ಬಿಚ್ಚಿ ನೋಟು ಎಣಿಸುವ ಹೆಂಗಸಿನ ಪರವಾಗಿ ಕೇಳುತ್ತಿದ್ದೇನೆ. ಅಂಥವರನ್ನು ಕಂಕನಾಡಿಯ ಈ ಸ್ಟಾಪಿನಲ್ಲಿ ಎಷ್ಟೋ ಸಲ ನೋಡಿದ್ದೇನೆ, ಬೇರೆ ಊರುಗಳ ಆಸ್ಪತ್ರೆಗಳಲ್ಲೂ ನೋಡಿದ್ದೇನೆ.

ಅಜ್ಜಿಯ ಪೆಟ್ಟಿಗೆ ಈಗ ನನ್ನ ಬಳಿ ಇದೆ. ಬಿರಡೆಗಳು ಪುಡಿಯಾಗಿವೆ, ನಂಬರುಗಳು ಅಳಿಸಿವೆ. ಒಂದು ಶೀಶೆಯ ತಳದಲ್ಲಿ ಏಳೆಂಟು ಗುಳಿಗೆ ಮಳೆಗಾಲದ ತೇವಕ್ಕೆ ಒಂದಕ್ಕೊಂದು ಅಂಟಿಕೊಂಡು ಉಂಡೆಯಾಗಿವೆ.