ಪೆರ್ ಲಾಶೇಜ್: ಸತ್ತವರ ನೆಲದ ಕರಾರು

ಪ್ಯಾರಿಸ್ಸಿನ ಪೂರ್ವ ಭಾಗದ ಗುಡ್ಡದ ಇಳಿಜಾರಿನಲ್ಲಿ ಸುಮಾರು 44 ಹೆಕ್ಟೇರಿನಷ್ಟು ಹರಡಿಕೊಂಡಿರುವ ಪೆರ್ ಲಾಶೇಜ್ ರುದ್ರಭೂಮಿಯು ಅಲ್ಲಿ ಮಣ್ಣಾದ ಕವಿ, ಗಾಯಕರ ಹೆಸರುಗಳಿಂದಲೇ ಜಗತ್ತಿಗೆ ಪರಿಚಿತವಾಗಿದೆಯಾದರೂ, ಅದರ ಚರಿತ್ರೆಯನ್ನು ಭೂ ಆಡಳಿತದ ಚರಿತ್ರೆಯೆಂದು ಓದಿದಾಗ ತಿಳಿಯುವ ಸಂಗತಿಗಳು ಹೆಚ್ಚು. ಹದಿನೆಂಟನೆಯ ಶತಮಾನದ ಕೊನೆಯವರೆಗೂ ಆ ನಗರದಲ್ಲಿ ಶವಸಂಸ್ಕಾರವು ಚರ್ಚಿನ ಅಧೀನದಲ್ಲಿತ್ತು. ಉಳ್ಳವರು ಚರ್ಚಿನ ನೆಲಗಟ್ಟಿನ ಕೆಳಗೆ, ಬಡವರು ಸಾಮೂಹಿಕ ಗುಂಡಿಗಳಲ್ಲಿ ಸೇರುತ್ತಿದ್ದರು. ನಗರದ ನಟ್ಟನಡುವೆ ಇದ್ದ ಇನೊಸಾಂ ಎಂಬ ಪುರಾತನ ಸ್ಮಶಾನದಲ್ಲಿ ಶತಮಾನಗಳಿಂದ ಹೆಣಗಳು ಒಟ್ಟಿಕೊಂಡು, 1780ರಲ್ಲಿ ಆ ಒತ್ತಡಕ್ಕೆ ನೆರೆಮನೆಯ ನೆಲಮಾಳಿಗೆಯ ಗೋಡೆ ಕುಸಿದ ಮೇಲೆ ಅದನ್ನು ಮುಚ್ಚಲಾಯಿತು. ಅಲ್ಲಿನ ಎಲುಬುಗಳನ್ನು ನೆಲದಡಿಯ ಹಳೆಯ ಕಲ್ಲುಗಣಿಗಳಿಗೆ ಸಾಗಿಸಲಾಯಿತು.

ಈ ಅನುಭವದ ಫಲವಾಗಿ 1804ರ ಜೂನ್ 12ರಂದು ನೆಪೋಲಿಯನ್ ಹೊರಡಿಸಿದ ಆಜ್ಞೆಯು ಚರ್ಚುಗಳ ಒಳಗೂ ಊರುಗಳ ಒಳಗೂ ಹೂಳುವುದನ್ನು ನಿಷೇಧಿಸಿ, ಪ್ರತಿ ಶವಕ್ಕೂ ಪ್ರತ್ಯೇಕ ಗುಂಡಿ ಇರಬೇಕೆಂದು ವಿಧಿಸಿ, ಸ್ಮಶಾನಗಳನ್ನು ಸ್ಥಳೀಯ ಪೌರಾಡಳಿತದ ಮೇಲ್ವಿಚಾರಣೆಗೆ ಒಳಪಡಿಸಿತು. ಪೆರ್ ಲಾಶೇಜ್ ಮಾತ್ರ ಆಜ್ಞೆಗೆ ಮೂರು ವಾರ ಮೊದಲೇ, ಮೇ 21ರಂದು ತೆರೆದಿತ್ತು. ಒಂದು ಕಾಲಕ್ಕೆ ಜೆಸ್ವಿಟ್ ಪಾದ್ರಿಗಳ ವಿಶ್ರಾಂತಿಧಾಮವಾಗಿದ್ದ ಈ ಜಾಗಕ್ಕೆ ಹದಿನಾಲ್ಕನೆಯ ಲೂಯಿಯ ಪಾಪನಿವೇದನೆಯನ್ನು ಕೇಳುತ್ತಿದ್ದ ಪಾದ್ರಿ ಫ್ರಾನ್ಸ್ವಾ ದ ಲಾ ಶೇಜನ ಹೆಸರು ಉಳಿದುಬಂದಿತು. ವಾಸ್ತುಶಿಲ್ಪಿ ಬ್ರೋಂಗ್ನಿಯಾರ್ ಇದನ್ನು ಮರಗಳೂ ಬಳಸುದಾರಿಗಳೂ ಇರುವ ಉದ್ಯಾನದಂತೆ ರೂಪಿಸಿದನು.

ಆರಂಭದಲ್ಲಿ ಊರಾಚೆಯ ಈ ಗುಡ್ಡಕ್ಕೆ ಬರಲು ಜನ ಒಪ್ಪಲಿಲ್ಲ. 1817ರಲ್ಲಿ ನಾಟಕಕಾರ ಮೊಲಿಯೇರ್, ನೀತಿಕಥೆಗಳ ಕವಿ ಲಾ ಫೊಂತೇನ್, ಮಧ್ಯಯುಗದ ಪ್ರೇಮಿಗಳಾದ ಅಬೆಲಾರ್ ಮತ್ತು ಎಲೊಯೀಸರದೆಂದು ಹೇಳಲಾದ ಅವಶೇಷಗಳನ್ನು ಇಲ್ಲಿಗೆ ತಂದು ಸ್ಥಾಪಿಸಲಾಯಿತು. ಅವು ನಿಜವಾಗಿ ಅವರವೇ ಎಂಬುದರ ಬಗ್ಗೆ ಸಂಶಯಗಳಿವೆ, ಆದರೆ ಉಳ್ಳವರನ್ನು ಸೆಳೆಯಲು ನಂಬಿಕೆಯೇ ಸಾಕಾಯಿತು.

ಅವರು ಕೊಂಡದ್ದು ನೆಲವನ್ನಲ್ಲ, 'ಕನ್ಸೆಶನ್' ಎಂಬ ಬಳಕೆಯ ಹಕ್ಕನ್ನು. ಅಂದರೆ ಜಮೀನಿನ ಒಡೆತನ ನಗರದ್ದೇ ಆಗಿದ್ದು, ಕುಟುಂಬವು ಹಣ ತೆತ್ತು ಅಲ್ಲಿ ಗೋರಿ ಕಟ್ಟಿ ತನ್ನವರನ್ನು ಹೂಳುವ ಅನುಮತಿಯನ್ನು ಮಾತ್ರ ಪಡೆಯುತ್ತಿತ್ತು. 1843ರ ನಿಯಮವು ಇದನ್ನು ತಾತ್ಕಾಲಿಕ, ಮೂವತ್ತು ವರ್ಷದ ಮತ್ತು ಶಾಶ್ವತ ಎಂದು ವಿಂಗಡಿಸಿತು. ಹಣವಿಲ್ಲದವರ ಗುಂಡಿಯನ್ನು ಐದು ವರ್ಷದ ಮೇಲೆ ಮತ್ತೊಬ್ಬರಿಗೆ ಅಗೆಯಬಹುದಾಗಿದ್ದುದರಿಂದ, ಫ್ರೆಂಚ್ ಕ್ರಾಂತಿ ಸಾರಿದ ಸಮಾನತೆ ಸ್ಮಶಾನದ ಬಾಗಿಲನ್ನು ದಾಟಲಿಲ್ಲವೆಂದೇ ಹೇಳಬೇಕು. 1871ರ ಮೇ 28ರಂದು ಪ್ಯಾರಿಸ್ ಕಮ್ಯೂನಿನ, ಅಂದರೆ ಕಾರ್ಮಿಕರು ನಡೆಸಿದ ಅಲ್ಪಾಯುಷಿ ನಗರ ಸರ್ಕಾರದ, 147 ಹೋರಾಟಗಾರರನ್ನು ಸೈನ್ಯವು ಇಲ್ಲಿನ ಗೋಡೆಗೆ ನಿಲ್ಲಿಸಿ ಗುಂಡಿಕ್ಕಿ, ಅದರ ಬುಡದಲ್ಲೇ ಗುಂಡಿಗೆ ತಳ್ಳಿತು. ಕರಾರಿಲ್ಲದ ಆ ಸಮಾಧಿಗೆ ಎಡಪಕ್ಷಗಳ ಮೆರವಣಿಗೆ ಇಂದಿಗೂ ಬರುತ್ತದೆ.

1857ರಲ್ಲಿ ಮುಸ್ಲಿಮರಿಗಾಗಿ ಬೇರೆ ಆವರಣ ಸಿದ್ಧವಾಯಿತು. ಈಸ್ಟ್ ಇಂಡಿಯಾ ಕಂಪನಿ ಕಸಿದುಕೊಂಡ ಅವಧ್ ರಾಜ್ಯವನ್ನು ಮರಳಿ ಕೇಳಲು ಲಂಡನ್ನಿಗೆ ಹೋಗಿ ಬರಿಗೈಯಲ್ಲಿ ಹಿಂದಿರುಗುತ್ತಿದ್ದ, ಪದಚ್ಯುತ ನವಾಬ ವಾಜಿದ್ ಅಲಿ ಶಾನ ತಾಯಿ ಮಲಿಕಾ ಕಿಶ್ವರ್, 1858ರ ಜನವರಿಯಲ್ಲಿ ಪ್ಯಾರಿಸ್ಸಿನಲ್ಲಿ ತೀರಿಕೊಂಡಾಗ ಅಲ್ಲಿಯೇ ದಫನಾದಳು. ಧರ್ಮಕ್ಕೊಂದು ಆವರಣವೆಂಬ ನಿಯಮವನ್ನು ಗಣರಾಜ್ಯವು 1881ರಲ್ಲಿ ರದ್ದುಗೊಳಿಸಿತು. ಶಾಶ್ವತ ಕರಾರು ತಲೆಮಾರುಗಳನ್ನು ಹೇಗೆ ಬೆಸೆಯುತ್ತದೆಂಬುದಕ್ಕೆ ಟಾಟಾ ಕುಟುಂಬದ ಗೋರಿ ನಿದರ್ಶನ: ಅಪ್ಪ ಆರ್.ಡಿ. ಟಾಟಾ ಮಲಗಿರುವ ಈ ಸ್ಮಶಾನಕ್ಕೆ 1993ರಲ್ಲಿ ಮಗ ಜೆ.ಆರ್.ಡಿ. ಟಾಟಾರ ದೇಹವೂ ಬಂದಿತು.

'ಶಾಶ್ವತ' ಎಂಬ ಮಾತಿಗೂ ಕಾನೂನು ಮಿತಿ ಹಾಕಿದೆ. 1924ರ ಶಾಸನದ ಪ್ರಕಾರ, ಮೂವತ್ತು ವರ್ಷ ಮೀರಿದ ಗೋರಿಯು ವಾರಸುದಾರರ ಗಮನವಿಲ್ಲದೆ ಪಾಳುಬಿದ್ದರೆ ಆಡಳಿತವು ನೋಟಿಸು ಹಚ್ಚಿ, ಗಡುವು ಮುಗಿದ ಬಳಿಕ ಜಾಗವನ್ನು ಮರಳಿ ಪಡೆಯಬಹುದು. ಅಲ್ಲಿ ದೊರೆತ ಎಲುಬುಗಳು ಶಿಲ್ಪಿ ಬಾರ್ತೊಲೊಮೆಯ ಮೃತರ ಸ್ಮಾರಕದ ಹಿಂದಿರುವ ಅಸ್ಥಿಭಂಡಾರಕ್ಕೆ ಸೇರುತ್ತವೆ, ತೆರವಾದ ನೆಲಕ್ಕೆ ಹೊಸ ಕುಟುಂಬದೊಡನೆ ಹೊಸ ಕರಾರು ಆಗುತ್ತದೆ.