ಮುಡಿ ಅಕ್ಕಿಯ ಲೆಕ್ಕ

ಯುದ್ಧಕ್ಕೆ ಕಾರಣವೇನೆಂದು ಕೇಳಿದರೆ ನಮ್ಮ ಹುಡುಗರು ತಡವರಿಸುವುದಿಲ್ಲ. ಹೆಣ್ಣು, ಹೊನ್ನು, ಮಣ್ಣು ಎಂದು ಒಂದೇ ಉಸಿರಿಗೆ ಹೇಳಿ ಕುಳಿತುಬಿಡುತ್ತಾರೆ. 1914ರ ಮಹಾಯುದ್ಧಕ್ಕೋ, ಸೆರಾಯೆವೊದಲ್ಲಿ ಹಾರಿದ ಗುಂಡು! ಗುಂಡು ಬರಿಯ ನೆಪ; ಕಾರಣ ಬೇರೆ. ಈ ಅಂತರವನ್ನು ಗ್ರೀಸಿನ ಥುಸಿಡಿಡೀಸ್ ಎರಡು ಸಾವಿರದ ನಾನೂರು ವರ್ಷಗಳ ಹಿಂದೆಯೇ ಎತ್ತಿ ತೋರಿಸಿದ್ದ. ಆದರೆ ಅಥೆನ್ಸು, ಸ್ಪಾರ್ಟಾಗಳ ಜಗಳ ಕಟ್ಟಿಕೊಂಡು ನಮ್ಮ ಸೀಮೆಯ ಹುಡುಗನಿಗೆ ಆಗಬೇಕಾದ್ದೇನು? ಇತಿಹಾಸದ ಮಾಸ್ತರನಾಗಿ ನಾನು ಅವರ ಮನೆಬಾಗಿಲ ಕಾಳಗಗಳನ್ನೇ ಹಿಡಿದೆ.

ಮೂಡಬಿದಿರೆಯಲ್ಲಿ ಈ ಪಾಠ ಸುಲಭ. 1430ರ ಸುಮಾರಿಗೆ ಎದ್ದ ಸಾವಿರ ಕಂಬದ ಬಸದಿಯನ್ನು ತೋರಿಸಿ, ಊರಿಗೆ ಇಷ್ಟು ಐಶ್ವರ್ಯ ಎಲ್ಲಿಂದ ಬಂತೆಂದು ಕೇಳಿದರೆ ಮಾತು ತಾನಾಗಿ ವ್ಯಾಪಾರಕ್ಕೆ, ಕರಿಮೆಣಸಿಗೆ ಹೊರಳುತ್ತದೆ. ಚೌಟರ ಮನೆತನದ ಅಬ್ಬಕ್ಕ ಉಳ್ಳಾಲದಲ್ಲಿ ಪೋರ್ಚುಗೀಸರನ್ನು ಎದುರಿಸಿದ್ದೇಕೆಂದು ಆಮೇಲೆ ಹೆಚ್ಚು ವಿವರಿಸಬೇಕಿಲ್ಲ. ಬೆಳ್ತಂಗಡಿಯವರಿಗೆ ಗಡಾಯಿಕಲ್ಲು ಕಣ್ಣೆದುರೇ ಇದೆ. ಟಿಪ್ಪು 1794ರಲ್ಲಿ ಅಲ್ಲಿ ಕೋಟೆ ಕಟ್ಟಿಸಿ ತಾಯಿಯ ಹೆಸರಿನಿಂದ ಜಮಾಲಾಬಾದ್ ಎಂದು ಕರೆದ. ಘಟ್ಟದ ಮೇಲಿನ ರಾಜ್ಯಕ್ಕೆ ಕಡಲ ದಾರಿ ಬೇಕಿತ್ತು.

ಬಂಟ್ವಾಳದ ಪಾಠವೇ ಕಷ್ಟದ್ದು. 1834ರಲ್ಲಿ ಇಂಗ್ಲಿಷರು ಕೊಡಗಿನ ಚಿಕವೀರರಾಜೇಂದ್ರನನ್ನು ಇಳಿಸಿ, ಅವನ ಕೈಯಲ್ಲಿದ್ದ ಅಮರ ಸುಳ್ಯ, ಪುತ್ತೂರು ಸೀಮೆಗಳನ್ನು ಕೆನರಾ ಜಿಲ್ಲೆಗೆ ಸೇರಿಸಿದರು. ಅರಸನಿಗೆ ಕಂದಾಯವನ್ನು ಧಾನ್ಯದಲ್ಲಿ ಅಳೆದುಕೊಡಬಹುದಿತ್ತು. ಕಂಪೆನಿಗೆ ನಗದೇ ಆಗಬೇಕು. 1837ರಲ್ಲಿ ಸುಳ್ಯದ ಕಡೆಯಿಂದ ಹೊರಟ ರೈತರ ದಂಡು ಬಂಟ್ವಾಳದ ಮೇಲೆ ಹಾದು ಏಪ್ರಿಲ್ ಮೊದಲ ವಾರ ಮಂಗಳೂರನ್ನೇ ಹಿಡಿಯಿತು. ಸುಮಾರು ಎರಡು ವಾರ, ಅಷ್ಟೇ. ದಂಡಿನ ಜೊತೆ ನಿಂತ ನಂದಾವರದ ಬಂಗರಸನನ್ನು ಬಿಕರ್ನಕಟ್ಟೆಯಲ್ಲಿ ಗಲ್ಲಿಗೇರಿಸಿದರು.

'ಕಂದಾಯ' ಎಂದು ಕಪ್ಪುಹಲಗೆಯ ಮೇಲೆ ಬರೆದರೆ ಮಕ್ಕಳಿಗೆ ಏನೂ ತಟ್ಟದು. ಅದಕ್ಕೆ ನಾನು ಲೆಕ್ಕ ಕೊಡುತ್ತಿದ್ದೆ. ಅಂಕಿಗಳು ನನ್ನವೇ. ಕಂದಾಯ 10 ರೂಪಾಯಿ. ಅಕ್ಕಿ ಮುಡಿಗೆ 2 ರೂಪಾಯಿ ಧಾರಣೆಯಿದ್ದರೆ ಎಷ್ಟು ಮುಡಿ ಮಾರಬೇಕು? ಐದು. ಧಾರಣೆ 1 ರೂಪಾಯಿಗೆ ಇಳಿದರೆ? ಹತ್ತು. ಮನೆಯಲ್ಲಿರುವುದೇ ಎಂಟು ಮುಡಿಯಾದರೆ?

"ಸಾಲ ಮಾಡಬೇಕು, ಸರ್."

"ಯಾರಲ್ಲಿ?"

ಅಗ್ಗಕ್ಕೆ ಅಕ್ಕಿ ಕೊಂಡವನಲ್ಲೇ ಎಂದು ಹೊಳೆಯಲು ಅವರಿಗೆ ಹೆಚ್ಚು ಹೊತ್ತು ಬೇಕಾಗುತ್ತಿರಲಿಲ್ಲ. ಧಾರಣೆ ಬಿದ್ದ 1830–31ರಲ್ಲಿ ಜಿಲ್ಲೆಯ ರೈತರು ಕೂಟ ಕಟ್ಟಿ ಕಂದಾಯ ಕೊಡಲೊಲ್ಲೆವೆಂದದ್ದು ಆಗ ಅರ್ಥವಾಗುತ್ತಿತ್ತು.

ಒಮ್ಮೆ ಬಂಟ್ವಾಳದ ಹುಡುಗಿಯೊಬ್ಬಳು ಎದ್ದು ನಿಂತಳು. ದಂಡಿನ ನಾಯಕ ತಾನು ಕೊಡಗಿನ ರಾಜವಂಶದ ಕಲ್ಯಾಣಸ್ವಾಮಿ ಎಂದು ಹೇಳಿಕೊಂಡ ಪುಟ್ಟಬಸಪ್ಪ. ನಿಜವಾದ ಕಲ್ಯಾಣಸ್ವಾಮಿ ಆಗಲೇ ತೀರಿಹೋಗಿದ್ದ. "ನಾಯಕನೇ ಸುಳ್ಳಾದರೆ ಯುದ್ಧವೂ ಸುಳ್ಳಲ್ಲವೆ, ಸರ್?"

ಅದನ್ನು ನಾನು ಪರೀಕ್ಷೆಯ ಪ್ರಶ್ನೆಪತ್ರಿಕೆಗೇ ಹಾಕಿದೆ. ಹೆಚ್ಚಿನವರು ಹೌದೆಂದು ಬರೆದರು. ಒಬ್ಬ ಮಾತ್ರ, ಎಂಟೇ ಮುಡಿ ಇದ್ದವನಿಗೆ ನಾಯಕ ಯಾರಾದರೇನು ಎಂದು ಬರೆದಿದ್ದ. ಒಳ್ಳೆಯ ಉತ್ತರ. ಆದರೂ ಪೂರ್ತಿ ಅಂಕ ಕೊಡಲಿಲ್ಲ. ಹಾಗಿದ್ದರೆ ಹೊರಡಲು ಆ ಜನಕ್ಕೆ ಅರಸುಮಗನ ಹೆಸರೇ ಏಕೆ ಬೇಕಾಯಿತೆಂಬುದನ್ನು ಅವನು ಮುಟ್ಟಿರಲಿಲ್ಲ.